ಮೊದಲು ಡೋಲು, ಆಮೇಲೆ ಡ್ಯಾನ್ಸ್: ಈಸ್ಟ್ ಸೇಂಟ್ ಲೂಯಿಸ್‌ನಲ್ಲಿ ಕ್ಯಾಥರೀನ್ ಡನ್‌ಹ್ಯಾಮ್

ಪೊಲೀಸ್ ಸ್ಟೇಷನ್ನಿಂದ ಶುರು ಮಾಡೋಣ. 1967ನೇ ಇಸವಿ. ಅಮೆರಿಕದ ಇಲಿನಾಯ್ ರಾಜ್ಯದ ಈಸ್ಟ್ ಸೇಂಟ್ ಲೂಯಿಸ್ ಅನ್ನೋ ಊರು. ಕಪ್ಪು ಹುಡುಗನೊಬ್ಬನನ್ನು ಪೊಲೀಸರು ಎತ್ತಿಕೊಂಡು ಹೋದರು. ಸ್ವಲ್ಪ ಹೊತ್ತಿನ ಮುಂಚೆ ಅವನ ಜೊತೆ ಮಾತಾಡಿಕೊಂಡು ಕೂತಿದ್ದ ಹೆಂಗಸೊಬ್ಬರು ಅವರ ಹಿಂದೆಯೇ ಸ್ಟೇಷನ್ನಿಗೆ ಹೋಗಿ, ಯಾಕೆ ಹಿಡಿದಿರಿ, ಯಾವ ಕೇಸು ಹಾಕ್ತೀರಿ, ಹೇಳಿ ಅಂತ ಪಟ್ಟು ಹಿಡಿದರು. ಮಾತಿಗೆ ಮಾತು ಬೆಳೆಯಿತು. ಕೊನೆಗೆ ಅವರನ್ನೂ ಒಳಗೆ ಹಾಕಿದರು.

ಒಳಗೆ ಹಾಕಿದ ಮೇಲೆ ಗೊತ್ತಾಯಿತು ಯಾರನ್ನು ಹಾಕಿದ್ದೇವೆ ಅಂತ. ಆಕೆ ಕ್ಯಾಥರೀನ್ ಡನ್‌ಹ್ಯಾಮ್. ನ್ಯೂಯಾರ್ಕ್‌ನ ನಾಟಕರಂಗ ಬ್ರಾಡ್‌ವೇ, ಹಾಲಿವುಡ್, ಲಂಡನ್, ಪ್ಯಾರಿಸ್ ಎಲ್ಲ ಮುಗಿಸಿ, ಐವತ್ತಕ್ಕೂ ಹೆಚ್ಚು ದೇಶಗಳಲ್ಲಿ ತನ್ನ ತಂಡ ಕುಣಿಸಿ ಬಂದಿದ್ದ ನೃತ್ಯಗಾರ್ತಿ, ಕೊರಿಯೋಗ್ರಾಫರ್. ವಯಸ್ಸು 58ರ ಆಸುಪಾಸು. ಸುದ್ದಿ ಪೇಪರಿಗೆ ಹೋಯಿತು, ಊರಿನ ದೊಡ್ಡವರಿಗೆ ಮುಜುಗರವಾಯಿತು, ಬಿಟ್ಟು ಕಳಿಸಿದರು. ಆದರೆ ಬೀದಿ ಹುಡುಗರ ಕಣ್ಣಲ್ಲಿ ಅವತ್ತೇ ಏನೋ ಬದಲಾಯಿತು. ನಮಗೋಸ್ಕರ ಲಾಕಪ್ಪಿಗೆ ಹೋದವರು ಅಂದರೆ ಸುಮ್ನೆನಾ?

ನಾನು ಈ ಪ್ರಕರಣದ ಬೆನ್ನು ಬಿದ್ದಿದ್ದಕ್ಕೆ ಒಂದು ಸ್ವಂತ ಕಾರಣ ಇದೆ. ನಾನೂ ಡ್ಯಾನ್ಸ್ ಟೀಚರ್, ಭರತನಾಟ್ಯ. ನಮ್ಮೂರ ಹೊರಗಿನ ಒಂದು ಬಡಾವಣೆಯಲ್ಲಿ ಎರಡು ವರ್ಷ ಪ್ರತಿ ಶನಿವಾರ ಫೀಸಿಲ್ಲದೆ ಕ್ಲಾಸ್ ಮಾಡಿದ್ದೆ. ಹಾಲ್ ಬಾಡಿಗೆ ಒಂದು ಟ್ರಸ್ಟ್‌ನವರು ಕೊಡುತ್ತಿದ್ದರು. ಹುಡುಗಿಯರು ಬಂದರು. ಹುಡುಗರು ಕಿಟಕಿ ಸರಳು ಹಿಡಿದು ನಿಂತು ನಕ್ಕರು, ನಾನು ಕೋಲಿನಲ್ಲಿ ತಟ್ಟಿದ ಹಾಗೆ ಅವರು ಕಿಟಕಿ ಕಟ್ಟೆ ಮೇಲೆ ತಟ್ಟಿ ಅಣಕಿಸಿದರು. ನಾನು ಎದ್ದು ಹೋಗಿ ಕಿಟಕಿ ಹಾಕಿದೆ. ಟ್ರಸ್ಟ್ ದುಡ್ಡು ನಿಂತಿತು, ಕ್ಲಾಸೂ ನಿಂತಿತು. ಆಮೇಲೆ ಡನ್‌ಹ್ಯಾಮ್ ಬಗ್ಗೆ ಓದುವಾಗ ಆ ಕಿಟಕಿ ಹಾಕಿದ್ದೇ ಮತ್ತೆ ಮತ್ತೆ ನೆನಪಾಯಿತು. ಯಾಕೆ ಅಂತ ಮುಂದೆ ಹೇಳ್ತೀನಿ.

ಊರಿನ ಕಥೆ ಮೊದಲು. ಈಸ್ಟ್ ಸೇಂಟ್ ಲೂಯಿಸ್ ಇರುವುದು ಮಿಸಿಸಿಪ್ಪಿ ನದಿಯ ಪೂರ್ವ ದಡದಲ್ಲಿ. ಎದುರು ದಡದಲ್ಲಿ ದೊಡ್ಡ ಸೇಂಟ್ ಲೂಯಿಸ್, ಅದು ಬೇರೆ ರಾಜ್ಯ, ಮಿಸೌರಿ. ರೈಲು ಹಳಿ, ದನದ ಮಾರುಕಟ್ಟೆ, ಮಾಂಸದ ಫ್ಯಾಕ್ಟರಿ, ಅಲ್ಯೂಮಿನಿಯಂ ಫ್ಯಾಕ್ಟರಿ, ಇವುಗಳಿಂದ ಬೆಳೆದ ಊರು. ಕೆಲಸ ಹುಡುಕಿಕೊಂಡು ದಕ್ಷಿಣದ ಕಪ್ಪು ಜನ ಗುಳೆ ಬಂದರು. 1917ರ ಜುಲೈನಲ್ಲಿ ಬಿಳಿಯರ ಗುಂಪು ಅವರ ಮನೆಗಳಿಗೆ ಬೆಂಕಿ ಇಟ್ಟಿತು, ಓಡಿದವರನ್ನು ಹಿಡಿದು ಕೊಂದಿತು. ಸರ್ಕಾರದ ಲೆಕ್ಕದಲ್ಲಿ ಸತ್ತ ಕಪ್ಪು ಜನ 39, ಬಿಳಿಯರು 9. ನಿಜವಾದ ಸಂಖ್ಯೆ ಇದಕ್ಕಿಂತ ತುಂಬಾ ಜಾಸ್ತಿ ಅನ್ನುವ ಇತಿಹಾಸಕಾರರೇ ಹೆಚ್ಚು. ಸೇತುವೆ ದಾಟಿ ಆಚೆ ದಡಕ್ಕೆ ಓಡಿದವರು ಸಾವಿರಾರು.

1950ರಲ್ಲಿ ಊರಿನ ಜನಸಂಖ್ಯೆ 82 ಸಾವಿರ. ಆಮೇಲೆ ಇಳಿಕೆ ಶುರು. ಮಾಂಸದ ದೊಡ್ಡ ಫ್ಯಾಕ್ಟರಿಯೊಂದು 1959ರಲ್ಲಿ ಬಾಗಿಲು ಹಾಕಿತು, ಉಳಿದವೂ ಒಂದೊಂದಾಗಿ ಹೋದವು. ಇದರಲ್ಲಿ ಒಂದು ಚಾಲಾಕಿತನ ಇತ್ತು, ಅದನ್ನು ಹೇಳದೆ ಈ ಊರು ಅರ್ಥವಾಗಲ್ಲ. ದನದ ಮಾರುಕಟ್ಟೆ, ಕೆಮಿಕಲ್ ಫ್ಯಾಕ್ಟರಿಗಳು ಇದ್ದದ್ದು ಊರಿಗೆ ಅಂಟಿಕೊಂಡೇ, ಆದರೆ ಗಡಿಯ ಆಚೆ. ತಮ್ಮದೇ ಪುಟ್ಟ ಪುಟ್ಟ ಊರು ಅಂತ ಬೇರೆ ಮಾಡಿಕೊಂಡಿದ್ದರು, ತೆರಿಗೆ ಕಟ್ಟಬಾರದು ಅಂತ. ಹೊಗೆ ಈ ಕಡೆಗೆ, ತೆರಿಗೆ ಆ ಕಡೆಗೆ. 1967ರ ಹೊತ್ತಿಗೆ ಊರಲ್ಲಿ ಕೆಲಸವಿಲ್ಲದ ಹುಡುಗರು, ಗ್ಯಾಂಗ್‌ಗಳು, ಖಾಲಿ ಮನೆಗಳು. ದೇಶದ ತುಂಬ ಗಲಭೆಯ ಬೇಸಿಗೆ ಅದು. ಈ ಊರೂ ಹೊತ್ತಿಕೊಂಡಿತು.

ಇಂಥ ಕಡೆ ಒಬ್ಬ ಡ್ಯಾನ್ಸರ್ ಬಂದು ಏನು ಮಾಡೋಕಾಗುತ್ತೆ?

ಇದಕ್ಕೆ ಉತ್ತರ ಡನ್‌ಹ್ಯಾಮ್ ಅಲ್ಲಿಗೆ ಬರುವುದಕ್ಕೆ ಮೂವತ್ತು ವರ್ಷ ಮುಂಚೆಯೇ ಅರ್ಧ ತಯಾರಾಗಿತ್ತು ಅಂತ ನನಗನಿಸುತ್ತೆ. ಆಕೆಯ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಬದುಕನ್ನು ಎರಡು ಭಾಗ ಮಾಡುತ್ತಾರೆ: ಮೊದಲು ಸ್ಟಾರ್, ಆಮೇಲೆ ಸಮಾಜಸೇವೆ. ನಾನು ಒಪ್ಪಲ್ಲ. ಎರಡೂ ಕಡೆ ಮಾಡಿದ ಕೆಲಸ ಒಂದೇ.

ಹುಟ್ಟಿದ್ದು 1909ರ ಜೂನ್ 22, ಶಿಕಾಗೋದಲ್ಲಿ. ಚಿಕ್ಕವಳಿದ್ದಾಗಲೇ ತಾಯಿ ತೀರಿಕೊಂಡರು. ಅಪ್ಪನದು ಜೋಲಿಯಟ್ ಅನ್ನೋ ಊರಲ್ಲಿ ಡ್ರೈ ಕ್ಲೀನಿಂಗ್ ಅಂಗಡಿ. ಶಿಕಾಗೋ ವಿಶ್ವವಿದ್ಯಾಲಯದಲ್ಲಿ ಮಾನವಶಾಸ್ತ್ರ ಓದುತ್ತಾ, ಸಂಜೆ ಬ್ಯಾಲೆ ಕಲಿಯುತ್ತಾ, ಕಲಿಸುತ್ತಾ ದಿನ ಕಳೆಯುತ್ತಿದ್ದರು. 1935ರಲ್ಲಿ ರೋಸೆನ್‌ವಾಲ್ಡ್ ನಿಧಿಯ ಫೆಲೋಶಿಪ್ ಸಿಕ್ಕಿತು. ಅದಕ್ಕೆ ಸಂದರ್ಶನಕ್ಕೆ ಕರೆದಾಗ, ಏನು ಅಧ್ಯಯನ ಮಾಡ್ತೀಯಮ್ಮ ಅಂತ ಕೇಳಿದ ಹಿರಿಯರ ಎದುರು ಮೈಮೇಲಿನ ಕೋಟು ತೆಗೆದಿಟ್ಟು ಕುಣಿದೇ ತೋರಿಸಿದರು ಅಂತ ಒಂದು ಕಥೆ ಇದೆ. ಸ್ವಲ್ಪ ಉಪ್ಪುಖಾರ ಸೇರಿರಬಹುದು, ಆದರೆ ಆಕೆಯ ಸ್ವಭಾವ ನೋಡಿದರೆ ನಂಬೋ ಹಾಗೇ ಇದೆ.

ಜಮೈಕಾ, ಮಾರ್ಟಿನೀಕ್, ಟ್ರಿನಿಡಾಡ್, ಹೈಟಿ, ಇಷ್ಟು ಕಡೆ ಓಡಾಟ. ಜಮೈಕಾದ ಬೆಟ್ಟದ ಮೇಲೆ ಅಕ್ಕಾಂಪಾಂಗ್ ಅಂತ ಹಳ್ಳಿ, ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬ್ರಿಟಿಷರ ಜೊತೆ ಹೊಡೆದಾಡಿ ಉಳಿದ ಮರೂನ್ ಜನರದು. ಅಲ್ಲಿ ಸುಮಾರು ಒಂದು ತಿಂಗಳು ಇದ್ದರು. ನೋಡಬೇಕು ಅಂದುಕೊಂಡಿದ್ದು ಅವರ ಹಳೆಯ ಯುದ್ಧದ ಕುಣಿತ. ಅವರು ತೋರಿಸಲಿಲ್ಲ. ಬೇರೆ ಏನೇನೋ ತೋರಿಸಿದರು, ಅದನ್ನು ಮಾತ್ರ ಇಲ್ಲ. ಡನ್‌ಹ್ಯಾಮ್ ಕಾದರು. ಹೊರಡುವ ದಿನ ಹತ್ತಿರ ಬಂದಾಗ ಹಿರಿಯರು ಕುಣಿದರು, ಇವರನ್ನೂ ಕರೆದುಕೊಂಡರು.

ಮಾರ್ಟಿನೀಕ್‌ನಲ್ಲಿ ಕಂಡಿದ್ದು ಲಾಗ್ಯಾ. ಹೊಡೆದಾಟವೂ ಹೌದು, ಕುಣಿತವೂ ಹೌದು. ಡೋಲಿನವನು ಬಾರಿಸುತ್ತಾನೆ, ಇಬ್ಬರು ಗಂಡಸರು ಒಬ್ಬರನ್ನೊಬ್ಬರು ಸುತ್ತುತ್ತಾರೆ, ಒದೆ ಬೀಳುತ್ತೆ, ತಪ್ಪಿಸಿಕೊಳ್ಳುತ್ತಾರೆ, ತಾಳ ತಪ್ಪಲ್ಲ. ಡನ್‌ಹ್ಯಾಮ್ ಅದನ್ನು ಕ್ಯಾಮೆರಾದಲ್ಲಿ ಹಿಡಿದು ತಂದು, 1938ರಲ್ಲಿ ಶಿಕಾಗೋದ ವೇದಿಕೆ ಮೇಲೆ ಅದೇ ಹೆಸರಿನ ಬ್ಯಾಲೆ ಮಾಡಿದರು. ಈ ಲಾಗ್ಯಾವನ್ನು ನೆನಪಿಟ್ಟುಕೊಳ್ಳಿ, ಇಲಿನಾಯ್‌ಗೆ ಇದು ವಾಪಸ್ ಬರುತ್ತೆ.

ಹೈಟಿಯಲ್ಲಿ ಅಲ್ಲಿನ ಜನರ ಧರ್ಮವಾದ ವೋಡೂವಿನ ದೀಕ್ಷೆಯನ್ನೇ ತೆಗೆದುಕೊಂಡರು, ಬೇರೆಯವರ ಜೊತೆ ಮೂರು ದಿನ ನೆಲದ ಮೇಲೆ ಮಲಗಿ. ಅಧ್ಯಯನಕ್ಕೆ ಬಂದವಳು ದೇವರಿಗೆ ತಲೆ ಕೊಟ್ಟರೆ ಅದು ಶಾಸ್ತ್ರನಾ ಅಂತ ಕೇಳಿದವರು ಆಗಲೂ ಇದ್ದರು. ಪೂಜೆಯ ಕುಣಿತವನ್ನು ಆಮೇಲೆ ಟಿಕೆಟ್ ಶೋಗೆ ತರೋದು ಸರಿನಾ ಅನ್ನೋ ಪ್ರಶ್ನೆಯೂ ಇದೆ. ನಮ್ಮ ಕರಾವಳಿಯಲ್ಲಿ ದೈವದ ಕೋಲವನ್ನು ಸ್ಟೇಜಿಗೆ ತಂದರೆ ಎಷ್ಟು ಜಗಳ ಆಗುತ್ತೆ ನೋಡಿ, ಹಾಗೆ. ಇದಕ್ಕೆ ನನ್ನ ಹತ್ತಿರ ಸುಲಭದ ಉತ್ತರ ಇಲ್ಲ. ಆದರೆ ಡನ್‌ಹ್ಯಾಮ್ ಹೈಟಿಯನ್ನು ಬಳಸಿ ಬಿಸಾಕಲಿಲ್ಲ ಅನ್ನೋದು ಖಾತ್ರಿ. ಅಲ್ಲೇ ಜಾಗ ಕೊಂಡು, ಸುತ್ತಲಿನ ಜನರಿಗೆ ಕ್ಲಿನಿಕ್ ನಡೆಸಿದರು. ಮುದುಕಿಯಾದ ಮೇಲೂ ಆ ದೇಶಕ್ಕೋಸ್ಕರ ಏನು ಮಾಡಿದರು ಅಂತ ಕೊನೆಗೆ ಬರುತ್ತೆ.

ಸ್ಟಾರ್ ಆದ ವರ್ಷಗಳನ್ನು ಬೇಗ ದಾಟಿಬಿಡ್ತೀನಿ. 1940ರಲ್ಲಿ ಬ್ರಾಡ್‌ವೇ, 1943ರಲ್ಲಿ ಹಾಲಿವುಡ್ ಸಿನಿಮಾ, ಆಮೇಲೆ ನ್ಯೂಯಾರ್ಕ್‌ನಲ್ಲಿ ಶಾಲೆ (ಗಾಯಕಿ, ನಟಿ ಅರ್ಥಾ ಕಿಟ್ ಅಲ್ಲಿಂದಲೇ ಬಂದವರು), ಇಪ್ಪತ್ತು ವರ್ಷ ದೇಶ ದೇಶ ಸುತ್ತಾಟ. 1963ರಲ್ಲಿ ನ್ಯೂಯಾರ್ಕ್‌ನ ಮೆಟ್ರೊಪಾಲಿಟನ್ ಒಪೆರಾದಲ್ಲಿ ‘ಐಡಾ’ಕ್ಕೆ ಕೊರಿಯೋಗ್ರಫಿ.

ಇವುಗಳ ನಡುವೆ ಮೂರು ಘಟನೆ ಮಾತ್ರ ಬಿಡೋ ಹಾಗಿಲ್ಲ. 1944ರಲ್ಲಿ ಕೆಂಟಕಿಯ ಲೂಯಿವಿಲ್‌ನಲ್ಲಿ ಶೋ ಮುಗಿದ ಮೇಲೆ ಪರದೆ ಮುಂದೆ ಬಂದು, ಚಪ್ಪಾಳೆ ಹೊಡೆಯುತ್ತಿದ್ದ ಬಿಳಿ ಪ್ರೇಕ್ಷಕರಿಗೆ, ನಮ್ಮಂಥವರು ನಿಮ್ಮ ಪಕ್ಕದಲ್ಲಿ ಕೂರೋ ಹಾಗಾಗುವ ತನಕ ಈ ಊರಿಗೆ ಬರಲ್ಲ ಅಂದರು. 1950ರಲ್ಲಿ ಬ್ರೆಜಿಲ್‌ನ ಸಾವೊ ಪೌಲೊದಲ್ಲಿ ಒಂದು ದೊಡ್ಡ ಹೋಟೆಲ್ ಬಣ್ಣ ನೋಡಿ ರೂಮ್ ಕೊಡಲಿಲ್ಲ. ಅವರು ಸುಮ್ಮನಾಗಲಿಲ್ಲ, ಪತ್ರಿಕೆಯವರ ಮುಂದೆ ಹೇಳಿದರು, ಗಲಾಟೆ ಎಷ್ಟು ಬೆಳೆಯಿತು ಅಂದರೆ ಮರುವರ್ಷ ಬ್ರೆಜಿಲ್ ಸಂಸತ್ತು ಬಣ್ಣದ ತಾರತಮ್ಯದ ವಿರುದ್ಧ ಕಾನೂನು ಮಾಡಿತು. ಮೂರನೆಯದು 1951ರ ‘ಸೌತ್‌ಲ್ಯಾಂಡ್’ ಅನ್ನೋ ಬ್ಯಾಲೆ. ಕಪ್ಪು ಜನರನ್ನು ಗುಂಪು ಕಟ್ಟಿ ನೇಣು ಹಾಕುವುದನ್ನು ಚಿಲಿಯ ಸಾಂಟಿಯಾಗೊದ ವೇದಿಕೆ ಮೇಲೆ ತೋರಿಸಿದರು. ಅಮೆರಿಕದ ರಾಯಭಾರ ಕಚೇರಿಗೆ ಕೆಂಡಾಮಂಡಲ ಸಿಟ್ಟು. 1953ರಲ್ಲಿ ಪ್ಯಾರಿಸ್‌ನಲ್ಲಿ ಇನ್ನೊಮ್ಮೆ ಆಡಿದರು, ಅಲ್ಲಿಗೆ ನಿಂತಿತು. ಬೇರೆ ತಂಡಗಳನ್ನು ಸರ್ಕಾರ ತನ್ನ ಖರ್ಚಲ್ಲಿ ದೇಶ ಸುತ್ತಿಸುತ್ತಿದ್ದ ಕಾಲದಲ್ಲಿ ಡನ್‌ಹ್ಯಾಮ್ ತಂಡ ಸಾಲ ಮಾಡಿಕೊಂಡು ಓಡಾಡಿತು. 1960ರ ಹೊತ್ತಿಗೆ ತಂಡವೇ ಚದುರಿತು. ಮೊಣಕಾಲೂ ಕೈಕೊಟ್ಟಿತ್ತು.

1964ರಲ್ಲಿ ಸದರ್ನ್ ಇಲಿನಾಯ್ ವಿಶ್ವವಿದ್ಯಾಲಯ ಅತಿಥಿ ಕಲಾವಿದೆಯಾಗಿ ಕರೆಯಿತು. ಆ ದಿನಗಳಲ್ಲೇ ಈಸ್ಟ್ ಸೇಂಟ್ ಲೂಯಿಸ್ ಕಣ್ಣಿಗೆ ಬಿತ್ತು. ನಡುವೆ ಸೆನೆಗಲ್‌ಗೆ ಹೋದರು, ಅಧ್ಯಕ್ಷ ಸೆಂಗೋರ್ ಅವರ ಕರೆ ಮೇಲೆ, 1966ರ ಡಾಕರ್ ಕಲಾ ಉತ್ಸವದ ಕೆಲಸಕ್ಕೆ. ವಾಪಸ್ ಬಂದು 1967ರಲ್ಲಿ ಈಸ್ಟ್ ಸೇಂಟ್ ಲೂಯಿಸ್‌ನಲ್ಲಿ ವಿಶ್ವವಿದ್ಯಾಲಯದ ಹೆಸರಿನಲ್ಲೇ ಪರ್ಫಾರ್ಮಿಂಗ್ ಆರ್ಟ್ಸ್ ಟ್ರೈನಿಂಗ್ ಸೆಂಟರ್ ತೆರೆದರು.

ಈಗ ಅಸಲು ವಿಷಯ. ಆ ಹುಡುಗರು ಡ್ಯಾನ್ಸ್ ಕಲಿಯೋಕೆ ಬರೋದಿಲ್ಲ ಅಂತ ಡನ್‌ಹ್ಯಾಮ್‌ಗೆ ಚೆನ್ನಾಗಿ ಗೊತ್ತಿತ್ತು. ಬ್ಲ್ಯಾಕ್ ಈಜಿಪ್ಷಿಯನ್ಸ್, ಇಂಪೀರಿಯಲ್ ವಾರ್‌ಲಾರ್ಡ್ಸ್, ಇಂಥ ಹೆಸರಿಟ್ಟುಕೊಂಡು ಓಡಾಡುವ ಹುಡುಗರನ್ನು, ಬನ್ನಿ ಮಕ್ಕಳೇ, ಬ್ಯಾಲೆಯವರ ಹಾಗೆ ಬಾರ್ ಅನ್ನೋ ಅಡ್ಡ ಕಂಬಿ ಹಿಡಿದು ನಿಂತು ಕಾಲು ಎತ್ತಿ ಅಂದರೆ ಏನಾಗುತ್ತೆ ಹೇಳಿ. ನನ್ನ ಕಿಟಕಿಯ ಹುಡುಗರೇ ನೆನಪಾಗುತ್ತಾರೆ. ಡನ್‌ಹ್ಯಾಮ್ ಆ ಹುಡುಗರು ಕೂರುವ ಕಡೆಗೇ ಹೋಗಿ ಕೂತರು, ಮಾತಾಡಿಸಿದರು, ಆ ಓಡಾಟದಲ್ಲೇ ಲಾಕಪ್ಪಿಗೂ ಹೋಗಿ ಬಂದರು. ಆಮೇಲೆ ಸೆಂಟರಿನಲ್ಲಿ ಏನೇನು ಇಟ್ಟರು ಅಂದರೆ: ಡೋಲು. ಕರಾಟೆ. ಜೂಡೊ.

ಲಾಗ್ಯಾ ನೆನಪಿದೆ ತಾನೇ? ಹೊಡೆದಾಟ ಎಲ್ಲಿ ಮುಗಿದು ಕುಣಿತ ಎಲ್ಲಿ ಶುರುವಾಗುತ್ತೆ ಅಂತ ಹೇಳೋಕಾಗದ ಒಂದು ಆಟವನ್ನು ಮೂವತ್ತು ವರ್ಷ ಹಿಂದೆ ನೋಡಿ, ಕಲಿತು, ವೇದಿಕೆಗೆ ತಂದವರು ಇವರು. ಹೊಡೆಯೋಕೆ ಗೊತ್ತಿರುವ ಮೈ ಕುಣಿಯೋಕೆ ಅರ್ಧ ತಯಾರಾದ ಮೈ ಅಂತ ಇವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಹಾಗಾಗಿ ಕರಾಟೆಯನ್ನು ಆಸೆ ತೋರಿಸೋ ಮಿಠಾಯಿ ಅಂದುಕೊಂಡರೆ ತಪ್ಪು. ಅದೂ ಪಾಠವೇ.

ಡೋಲು ಕಲಿಸೋಕೆ ಸೆನೆಗಲ್‌ನಿಂದ ಮೋರ್ ಥಿಯಾಂ ಅನ್ನುವ ವಾದಕರನ್ನು ಕರೆತಂದರು. ಅವರ ಕೈಯಲ್ಲಿದ್ದದ್ದು ಜೆಂಬೆ, ಮೇಕೆ ಚರ್ಮದ, ಬಟ್ಟಲಿನ ಆಕಾರದ, ಬರಿಗೈಯಲ್ಲಿ ಬಾರಿಸುವ ವಾದ್ಯ. (ಇಲ್ಲೊಂದು ತಮಾಷೆ. ಈ ಥಿಯಾಂ ಅವರ ಮಗನೇ ಅಕಾನ್. ಹೌದು, ಶಾರುಖ್ ಖಾನ್ ಸಿನಿಮಾಕ್ಕೆ ಹಿಂದಿಯಲ್ಲಿ ಹಾಡಿದ ಅದೇ ಅಕಾನ್. 1973ರಲ್ಲಿ ಹುಟ್ಟಿದ್ದು ಸೇಂಟ್ ಲೂಯಿಸ್‌ನಲ್ಲಿ. ನಮ್ಮ ಗಣಪತಿ ಪೆಂಡಾಲ್‌ಗಳಲ್ಲಿ ಆ ಹಾಡಿಗೆ ಕುಣಿದ ಎಷ್ಟು ಜನಕ್ಕೆ ಡನ್‌ಹ್ಯಾಮ್ ಹೆಸರು ಗೊತ್ತಿರುತ್ತೆ!)

ಡೋಲಿಗೆ ಬಂದವನು ಡ್ಯಾನ್ಸಿಗೆ ಬಂದೇ ಬರುತ್ತಾನೆ, ಯಾಕಂದರೆ ಡನ್‌ಹ್ಯಾಮ್ ಪದ್ಧತಿಯ ಕ್ಲಾಸ್ ನಡೆಯೋದೇ ಎದುರಿಗೆ ಕೂತು ಬಾರಿಸುವವರ ಮೇಲೆ. ಕ್ಲಾಸ್ ಹೇಗಿರುತ್ತೆ ಅಂದರೆ, ಮೊದಲು ಉಸಿರು. ಆಮೇಲೆ ಬ್ಯಾಲೆಯವರ ಹಾಗೆ ಬಾರ್ ಹಿಡಿದು, ಆದರೆ ಬರಿಗಾಲಲ್ಲಿ. ಆಮೇಲೆ ತಲೆ, ಭುಜ, ಪಕ್ಕೆಲುಬು, ಸೊಂಟ, ಒಂದೊಂದನ್ನೇ ಬೇರೆ ಬೇರೆ ಮಾಡಿ ಆಡಿಸೋದು. ಕೊನೆಗೆ ಸಾಲಾಗಿ ಈ ಗೋಡೆಯಿಂದ ಆ ಗೋಡೆ ತನಕ ಹೆಜ್ಜೆ ಹಾಕಿಕೊಂಡು ದಾಟೋದು, ಡೋಲು ಏನು ಹೇಳುತ್ತೋ ಹಾಗೆ. ನಾನು ಮನೆಯಲ್ಲಿ ಬಾಗಿಲು ಹಾಕಿಕೊಂಡು ಮಾಡಿ ನೋಡಿದೆ. ನಮ್ಮಲ್ಲಿ ಅಟ್ಟಮಿ ಇದೆ, ಕುತ್ತಿಗೆ ಬೇರೆ ಮಾಡೋದು ಗೊತ್ತು. ಆದರೆ ಭುಜ ಒಂದು ಲೆಕ್ಕಕ್ಕೆ, ಸೊಂಟ ಇನ್ನೊಂದು ಲೆಕ್ಕಕ್ಕೆ? ಇಪ್ಪತ್ತು ವರ್ಷ ಅರಮಂಡಿಯಲ್ಲಿ, ಅಂದರೆ ಮಂಡಿ ಬಗ್ಗಿಸಿದ ಅರೆ ಕೂತ ಭಂಗಿಯಲ್ಲಿ, ಕೂತ ಸೊಂಟ ಅಲ್ಲಾಡಲೇ ಇಲ್ಲ. ಫ್ಯಾನ್ ಕೆಳಗೆ ಬೆವರು ಸುರಿಸಿಕೊಂಡು ಕೂತೆ. ಬೀದಿಯಲ್ಲಿ ಬೆಳೆದ ಹುಡುಗನಿಗೆ ಇದು ನನಗಿಂತ ಸುಲಭವಾಗಿ ಬರುತ್ತೆ ಅಂತ ಆಗ ಹೊಳೆಯಿತು. ನನ್ನ ಕ್ಲಾಸಲ್ಲಿ ಮಗು ಮೊದಲ ದಿನದಿಂದಲೂ ಸೊನ್ನೆ, ನಾನು ನೂರು. ಅಲ್ಲಿ ಹಾಗಿರಲಿಲ್ಲ.

ಡೋಲು, ಕರಾಟೆ, ಡ್ಯಾನ್ಸ್ ಅಷ್ಟೇ ಅಲ್ಲ, ನಾಟಕ, ಮರದ ಕೆತ್ತನೆ, ಕೂದಲು ಹೆಣೆಯೋದು, ಸೆನೆಗಲ್‌ನ ವೊಲೊಫ್ ಭಾಷೆ, ಎಲ್ಲವೂ ಇತ್ತು. ಊರಿನ ಕವಿ ಯೂಜೀನ್ ರೆಡ್ಮಂಡ್ ಸೆಂಟರಿನ ಜೊತೆ ನಿಂತರು. ಟೇಲರ್ ಜೋನ್ಸ್ ಅನ್ನುವ ಊರಿನ ಯುವ ಹೋರಾಟಗಾರ ಕಾರು ಅಪಘಾತದಲ್ಲಿ ಸತ್ತಾಗ, ಅವನ ಮೇಲೆ ಕವಿತೆ, ಡೋಲು, ಕುಣಿತ ಸೇರಿಸಿ ಒಂದು ಪ್ರದರ್ಶನ ಕಟ್ಟಿದರು. ಯೋಚಿಸಿ ನೋಡಿ, ಹೈಟಿಯ ಕಥೆ, ಮಾರ್ಟಿನೀಕ್‌ನ ಕಥೆ ಹೇಳಿ ಹೆಸರು ಮಾಡಿದವರು ಇಲ್ಲಿ ಬಂದು ಈ ಊರಿನ ಹುಡುಗನ ಸಾವನ್ನೇ ತೆಗೆದುಕೊಂಡರು, ಅವನು ಓಡಾಡಿದ ಊರಲ್ಲೇ ಅದನ್ನು ಆಡಿಸಿದರು. 1970ರಲ್ಲಿ ಮಕ್ಕಳ ಬಗ್ಗೆ ಶ್ವೇತಭವನ ಕರೆದ ಸಮ್ಮೇಳನಕ್ಕೆ ನಲವತ್ತಕ್ಕೂ ಹೆಚ್ಚು ಮಕ್ಕಳನ್ನು ವಾಷಿಂಗ್ಟನ್‌ಗೆ ಕರೆದುಕೊಂಡು ಹೋದರು.

ಇನ್ನೊಂದು ಸಂಗತಿ, ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ದೊಡ್ಡದು. ಅವರು ಆ ಊರಲ್ಲೇ ಮನೆ ಮಾಡಿದರು. 10ನೇ ಬೀದಿಯಲ್ಲಿ. ಗಂಡ ಜಾನ್ ಪ್ರ್ಯಾಟ್, ಬಿಳಿಯರು, ತಂಡದ ವೇಷಭೂಷಣ, ರಂಗಸಜ್ಜಿಕೆ ಎಲ್ಲ ವಿನ್ಯಾಸ ಮಾಡಿದವರು, ಅವರೂ ಅಲ್ಲೇ. ವಿಶ್ವವಿದ್ಯಾಲಯದ ಊರಲ್ಲಿ ನೆರಳಿನ ಬಂಗಲೆ ಹಿಡಿದು ವಾರಕ್ಕೆರಡು ಸಲ ಕಾರಲ್ಲಿ ಬಂದು ಹೋಗಬಹುದಿತ್ತು. ನಾನು ಹಾಗೇ ಮಾಡಿದ್ದು, ಹದಿನಾಲ್ಕು ಕಿಲೋಮೀಟರ್ ಸ್ಕೂಟಿ ಓಡಿಸಿಕೊಂಡು ಹೋಗಿ, ಕತ್ತಲಾಗೋ ಮುಂಚೆ ವಾಪಸ್. ಶನಿವಾರ ಬಿಟ್ಟು ಬೇರೆ ದಿನ ಆ ಬಡಾವಣೆಯಲ್ಲಿ ಏನಾಗುತ್ತೆ ಅಂತಲೇ ನನಗೆ ಗೊತ್ತಿರಲಿಲ್ಲ. ಡನ್‌ಹ್ಯಾಮ್ ಅಕ್ಕಾಂಪಾಂಗ್‌ನಲ್ಲಿ ಮಾಡಿದ್ದನ್ನೇ ಇಲ್ಲೂ ಮಾಡಿದರು: ಹೋಗು, ಇರು, ಕಾಯಿ. ಅಲ್ಲಿ ಒಂದು ತಿಂಗಳು, ಇಲ್ಲಿ ಮೂವತ್ತು ವರ್ಷ.

ಅದೇ ಕಾಲದ ಇನ್ನೊಂದು ಪ್ರಯತ್ನ ಪಕ್ಕದಲ್ಲಿಟ್ಟು ನೋಡಬೇಕು. ಬಕ್‌ಮಿನ್‌ಸ್ಟರ್ ಫುಲ್ಲರ್, ಗುಮ್ಮಟದ ವಿನ್ಯಾಸಕ್ಕೆ ಹೆಸರಾದವರು, ಅವರೂ ಆ ವಿಶ್ವವಿದ್ಯಾಲಯದಲ್ಲೇ ಇದ್ದರು. 1971ರಲ್ಲಿ ಈಸ್ಟ್ ಸೇಂಟ್ ಲೂಯಿಸ್‌ಗೆ ಒಂದು ಯೋಜನೆ ಹಾಕಿದರು: ಒಂದು ಮೈಲಿ ಅಗಲದ ಪಾರದರ್ಶಕ ಗುಮ್ಮಟ, ಅದರ ಕೆಳಗೆ 1,25,000 ಜನ ಬದುಕುವ ಹೊಸ ನಗರ. ಕೇಳೋಕೆ ಚೆಂದ. ಒಂದು ಇಟ್ಟಿಗೆಯೂ ಏಳಲಿಲ್ಲ. ಈ ಕಡೆ ಡನ್‌ಹ್ಯಾಮ್ ಹಳೇ ಕಟ್ಟಡಗಳಲ್ಲಿ ಚಾಪೆ ಹಾಸಿ ಜೂಡೊ ಕಲಿಸುತ್ತಿದ್ದರು, 1977ರಲ್ಲಿ ಹೈಟಿ, ಆಫ್ರಿಕಾಗಳಿಂದ ತಂದ ಡೋಲು, ಮುಖವಾಡ, ವೇಷಗಳನ್ನೆಲ್ಲ ಇಟ್ಟು ಅಲ್ಲೇ ಮ್ಯೂಸಿಯಂ ತೆರೆದರು. ಆ ಸಾಮಾನು ನ್ಯೂಯಾರ್ಕ್‌ನಲ್ಲಿದ್ದಿದ್ದರೆ ನೋಡೋಕೆ ಕ್ಯೂ ನಿಲ್ಲುತ್ತಿತ್ತು ಅನ್ನೋದು ಬೇರೆ ಮಾತು. ಆದರೆ 10ನೇ ಬೀದಿಯ ಮಗು ನ್ಯೂಯಾರ್ಕ್‌ಗೆ ಹೋಗಲ್ವಲ್ಲ.

ಹಾಗಾದರೆ ಊರು ಉದ್ಧಾರವಾಯಿತಾ? ಇಲ್ಲ. 1970ರಲ್ಲಿ 70 ಸಾವಿರ ಇದ್ದ ಜನ 1990ಕ್ಕೆ 41 ಸಾವಿರ, 2020ರ ಜನಗಣತಿಯಲ್ಲಿ ಹದಿನೆಂಟೂವರೆ ಸಾವಿರ. ಕಸ ಎತ್ತೋಕೂ ನಗರಸಭೆ ಹತ್ತಿರ ದುಡ್ಡಿಲ್ಲದ ವರ್ಷಗಳು ಬಂದವು. ಜೆಂಬೆ ಬಾರಿಸಿ ಫ್ಯಾಕ್ಟರಿ ವಾಪಸ್ ತರೋಕೆ ಆಗಲ್ಲ, ತೆರಿಗೆ ಗಡಿಯನ್ನು ಸರಿಸೋಕೂ ಆಗಲ್ಲ. ಡನ್‌ಹ್ಯಾಮ್ ಕೆಲಸವನ್ನು ಹೊಗಳುವವರು ಈ ಮಾತನ್ನು ಮೆಲ್ಲಗೆ ದಾಟಿಸಿಬಿಡುತ್ತಾರೆ. ಆದರೆ ತಿರುಗಿಸಿಯೂ ಹೇಳಬೇಕು. ಊರಿನ ಮುಕ್ಕಾಲು ಪಾಲು ಜನ ಬಿಟ್ಟು ಹೋದ ಕಾಲ ಅದು. ಹೋಗಬಹುದಾಗಿದ್ದ ಎಲ್ಲರೂ ಹೋದರು. ಹೋಗೋಕೆ ಎಲ್ಲರಿಗಿಂತ ಜಾಸ್ತಿ ಅನುಕೂಲ ಇದ್ದವರು ಈ ಅಜ್ಜಿ.

ದುಡ್ಡಿನ ಕಥೆ ಇಡೀ ಉದ್ದಕ್ಕೂ ಒಂದೇ. ವಿಶ್ವವಿದ್ಯಾಲಯದ ದುಡ್ಡು, ಫೌಂಡೇಶನ್‌ಗಳ ಅನುದಾನ, ಅದು ಮುಗಿದಾಗ ಇನ್ನೊಂದಕ್ಕೆ ಅರ್ಜಿ. 1960ರ ದಶಕದ ಕೊನೆಯಲ್ಲಿ, ಊರುಗಳು ಹೊತ್ತಿ ಉರಿಯುತ್ತಿದ್ದಾಗ, ಬೀದಿ ಹುಡುಗರ ಹೆಸರಲ್ಲಿ ದುಡ್ಡು ಸುಲಭವಾಗಿ ಹರಿಯಿತು. ಬೆಂಕಿ ಆರಿದ ಮೇಲೆ ಅದೂ ಆರಿತು. ಮ್ಯೂಸಿಯಂ ನಡೆಸೋದು ಕಷ್ಟ, ಮನೆ ನಡೆಸೋದೂ ಕಷ್ಟ. ಪ್ರಶಸ್ತಿಗಳು ಮಾತ್ರ ಬರುತ್ತಲೇ ಇದ್ದವು, 1983ರಲ್ಲಿ ಕೆನಡಿ ಸೆಂಟರ್ ಗೌರವ, 1989ರಲ್ಲಿ ರಾಷ್ಟ್ರೀಯ ಕಲಾ ಪದಕ. ನಮ್ಮ ಜನಪದ ಕಲಾವಿದರ ಮನೆಗಳಲ್ಲೂ ಇದೇ ನೋಟ ಅಲ್ವಾ, ಗೋಡೆ ತುಂಬ ಶಾಲು ಹೊದಿಸಿಕೊಂಡ ಫೋಟೋ, ಮೇಲೆ ಸೋರುವ ಹೆಂಚು.

1986ರಲ್ಲಿ ಪ್ರ್ಯಾಟ್ ತೀರಿಕೊಂಡರು. ಮೊಣಕಾಲಿನ ನೋವು ಹೆಚ್ಚಿ ಗಾಲಿಕುರ್ಚಿ ಬಂತು. ಇಷ್ಟಕ್ಕೆ ಕಥೆ ಮುಗಿಯಬೇಕಿತ್ತು.

1991ರ ಸೆಪ್ಟೆಂಬರ್‌ನಲ್ಲಿ ಹೈಟಿಯಲ್ಲಿ ಸೇನೆ ಅಧ್ಯಕ್ಷ ಅರಿಸ್ಟೀಡ್ ಅವರನ್ನು ಓಡಿಸಿತು. ಜನ ದೋಣಿ ಹತ್ತಿ ಅಮೆರಿಕದ ಕಡೆ ಹೊರಟರು. ಅಮೆರಿಕ ಅವರನ್ನು ಸಮುದ್ರದಲ್ಲೇ ಹಿಡಿದು ವಾಪಸ್ ಕಳಿಸತೊಡಗಿತು. 1992ರ ಫೆಬ್ರವರಿಯಲ್ಲಿ ಡನ್‌ಹ್ಯಾಮ್ ಅನ್ನ ಬಿಟ್ಟರು. ವಯಸ್ಸು 82. 47 ದಿನ ಉಪವಾಸ, ಈಸ್ಟ್ ಸೇಂಟ್ ಲೂಯಿಸ್‌ನಲ್ಲೇ ಇದ್ದುಕೊಂಡು. ಟಿವಿ ಕ್ಯಾಮೆರಾಗಳು ಯಾರೂ ಹೋಗದ ಆ ಊರಿಗೆ ಬಂದವು. ಅರಿಸ್ಟೀಡ್ ಖುದ್ದು ಬಂದು, ನೀವು ಬದುಕಿದ್ದರೆ ನಮಗೆ ಹೆಚ್ಚು ಉಪಯೋಗ ಅನ್ನೋ ಅರ್ಥದಲ್ಲಿ ಬೇಡಿಕೊಂಡ ಮೇಲೆ ಊಟ ಮಾಡಿದರು. ನೀತಿಯನ್ನು ಸರ್ಕಾರ ಆಗ ಬದಲಿಸಲಿಲ್ಲ. ನನಗೆ ಕುತೂಹಲ ಇರೋದು ಆ 47 ದಿನಗಳ ಇನ್ನೊಂದು ಮುಖದ ಬಗ್ಗೆ. 1967ರಲ್ಲಿ ಯಾರೋ ಹುಡುಗನಿಗೋಸ್ಕರ ಸ್ಟೇಷನ್ನಿಗೆ ಹೋದವರೂ ಇವರೇ, ಈಗ ಯಾವುದೋ ದೋಣಿಯವರಿಗೆ ಅನ್ನ ಬಿಟ್ಟವರೂ ಇವರೇ. ಎರಡರಲ್ಲೂ ಕುಣಿತ ಇಲ್ಲ. ಎರಡರಲ್ಲೂ ಕೈಯಲ್ಲಿದ್ದ ಬಂಡವಾಳ ಒಂದೇ, ಮೈ. ಅದನ್ನು ತಂದು ನಡುವೆ ಇಟ್ಟರು.

ಕೊನೆಯ ವರ್ಷಗಳಲ್ಲಿ ಆರೋಗ್ಯ, ಖರ್ಚು ಎರಡೂ ಕೈಮೀರಿ ನ್ಯೂಯಾರ್ಕ್‌ಗೆ ಹೋಗಬೇಕಾಯಿತು. ಆಕೆಯ ಕಾಗದಪತ್ರ, ಫಿಲ್ಮ್‌ಗಳೆಲ್ಲ ಲೈಬ್ರರಿ ಆಫ್ ಕಾಂಗ್ರೆಸ್ ಸೇರಿದವು, ಅದನ್ನು ಕಾಪಾಡೋಕೆ ಡೋರಿಸ್ ಡ್ಯೂಕ್ ಪ್ರತಿಷ್ಠಾನ 10 ಲಕ್ಷ ಡಾಲರ್ ಕೊಟ್ಟಿತು. ಮಾರ್ಟಿನೀಕ್‌ನಲ್ಲಿ ಇಬ್ಬರು ಒಬ್ಬರನ್ನೊಬ್ಬರು ಸುತ್ತುವ ಆ ಫಿಲ್ಮ್ ಕೂಡ ಹೀಗೇ ಉಳಿದಿದೆ. 2006ರ ಮೇ 21ರಂದು ತೀರಿಕೊಂಡಾಗ 96 ವರ್ಷ, 97ಕ್ಕೆ ಒಂದು ತಿಂಗಳು ಬಾಕಿ.

ನನ್ನ ಕಿಟಕಿ ವಿಷಯ ಬಾಕಿ ಇತ್ತು. ಅಣಕಿಸುತ್ತಿದ್ದ ಆ ಹುಡುಗರು ಕಿಟಕಿ ಕಟ್ಟೆ ಮೇಲೆ ಬಾರಿಸುತ್ತಿದ್ದರಲ್ಲ, ತಾಳ ತಪ್ಪುತ್ತಿರಲಿಲ್ಲ. ತಿಶ್ರದಿಂದ ಚತುರಶ್ರಕ್ಕೆ, ಅಂದರೆ ಮೂರರ ಎಣಿಕೆಯಿಂದ ನಾಲ್ಕರದಕ್ಕೆ, ನಾನು ಬದಲಾಯಿಸಿದರೆ ಅವರೂ ಬದಲಾಯಿಸುತ್ತಿದ್ದರು. ನನ್ನ ಒಳಗಿನ ಹುಡುಗಿಯರಲ್ಲಿ ಅರ್ಧ ಜನಕ್ಕೆ ಅದು ಬರುತ್ತಿರಲಿಲ್ಲ. ಅವರಲ್ಲಿ ಇಬ್ಬರು ತಮಟೆ ಮನೆಯ ಹುಡುಗರು ಅಂತ ಆಮೇಲೆ ಗೊತ್ತಾಯಿತು.

ಹೋದ ವಾರ ಅವರಲ್ಲಿ ಒಬ್ಬ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿದ. ಮೀಸೆ ಬಂದಿದೆ. ಮದುವೆ ಮೆರವಣಿಗೆಗಳಿಗೆ ಬಾರಿಸೋಕೆ ಹೋಗ್ತಾನಂತೆ. “ಮೇಡಂ, ಕ್ಲಾಸ್ ಮತ್ತೆ ಮಾಡಲ್ವಾ? ನನ್ನ ತಂಗಿ ಕೇಳ್ತಾಳೆ” ಅಂದ. ಹಾಲ್ ಇಲ್ಲ ಕಣೋ ಅಂದೆ. ಅವರ ಮನೆ ಹಿಂದೆ ಜಾಗ ಇದೆಯಂತೆ, ಸೌದೆ, ಹಳೇ ಹೆಂಚು ಬಿದ್ದಿವೆಯಂತೆ, ಎತ್ತಿಸಬೇಕಂತೆ. ನೀನು ಬಾರಿಸ್ತೀಯಾ ಅಂತ ಕೇಳಿದೆ. ಎಷ್ಟು ಕೊಡ್ತೀರಾ ಅಂದ. ಅಷ್ಟರಲ್ಲಿ ಅವನ ಬಸ್ ಬಂತು. ಭಾನುವಾರ ಹೋಗಿ ಜಾಗ ನೋಡಿ ರೇಟ್ ಮಾತಾಡಿಕೊಂಡು ಬರಬೇಕು.